ಅನಿಲಯಂತ್ರದ ಇದ್ದಲೂ ಹುಳಿಮಣ್ಣೂ

ಬಿ.ಸಿ.ರೋಡ್ ಸುತ್ತಿನ ಮುರಕಲ್ಲು ಮಣ್ಣು ಬಹು ಮಳೆಯಿಂದ ಸುಣ್ಣದ ಅಂಶವನ್ನು ಕಳೆದುಕೊಂಡು ಹುಳಿಯಾಗಿರುವುದು. ಇಲ್ಲಿನ ಅಡಿಕೆ ತೋಟಗಳಿಗೆ ಅನಿಲೋತ್ಪಾದಕ ಯಂತ್ರದ ಇದ್ದಲು ಹಿತಕರವು. ಸೌದೆಯನ್ನು ಮಿತವಾದ ಗಾಳಿಯಲ್ಲಿ ಸುಟ್ಟು ಉರಿಯುವ ಅನಿಲವನ್ನು ಪಡೆಯುವ ಯಂತ್ರವಿದು. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ದೀಪ ಕೊಟ್ಟದ್ದು ಇಂಥದರಿಂದಲೇ.

ಒಳಗಿನ ಕಾವು 700 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಟಾರು ಉರಿದುಹೋಗಿ ಇದ್ದಲಿನಲ್ಲಿ ಸೂಕ್ಷ್ಮ ರಂಧ್ರಗಳು ತೆರೆಯುವುವು. ಬೂದಿಯ ಕ್ಷಾರವು ಸಾಂದ್ರವಾಗಿ ಮಣ್ಣಿನ ಹುಳಿಯನ್ನು ಮುರಿಯುವುದು. ಆದರೆ 100 ಮಣ ಸೌದೆಗೆ ಸಾಮಾನ್ಯವಾಗಿ 5ರಿಂದ 10 ಮಣ ಮಾತ್ರ ಉಳಿಯುವುದು. ಗಾಳಿ ಅತಿಯಾದರೆ ಅದೂ ಬೂದಿಯೇ. ಹಸಿಸೌದೆ ತುಂಬಿದರೆ ಕಾವು ಕುಗ್ಗಿ ಟಾರು ಇದ್ದಲಿನಲ್ಲಿಯೇ ನಿಲ್ಲುವುದು. ಇದು ಎಳೆಯ ಸಸಿಗಳ ಬೇರಿಗೆ ಕೇಡು.

ಕೊಳ್ಳುವ ಮುನ್ನ ಒಂದು ಚೂರನ್ನು ಅಂಗೈಯಲ್ಲಿ ಉಜ್ಜಿ ಬರಿಯ ನೀರಿನಿಂದ ತೊಳೆದು ನೋಡತಕ್ಕದ್ದು. ಜಿಡ್ಡು ಉಳಿದರೆ ತೋಟಕ್ಕೆ ಹಾಕಬಾರದು. ಒಳ್ಳೆಯದನ್ನಾದರೂ ಹಟ್ಟಿಗೊಬ್ಬರದೊಡನೆ ಬೆರೆಸಿಯೇ ಹಾಕತಕ್ಕದ್ದು; ಇದ್ದಲಿನಲ್ಲಿ ಸಾರಜನಕವು ಅತ್ಯಲ್ಪ.