ಏರ್ ಲಾಕ್ ಆದ್ರೆ ಇನ್ನೊಬ್ಬ ಡ್ರೈವರ್ ಯಾಕೆ ನಿಲ್ತಾನೆ?

ಜಾಲಹಳ್ಳಿಯಿಂದ ದೇವದುರ್ಗಕ್ಕೆ ಹೊರಟಿದ್ದೀರಿ ಅಂದ್ಕೊಳ್ರಿ. ರಸ್ತೆ ಬದಿ ಒಂದು ಹಳೇ ಬಸ್ ನಿಂತಿದೆ. ಸೀಟು ಕಿತ್ತು, ಮಂಚ, ಒಲೆ ಹಾಕಿ ಮನೆ ಮಾಡಿಕೊಂಡಿದ್ದು. ಜರ್ಮನಿಯಲ್ಲಿ 1950ರಲ್ಲಿ ಶುರುವಾದ ಫೋಕ್ಸ್‌ವ್ಯಾಗನ್ ವ್ಯಾನಿನ ಮಾಲೀಕರು ದಾರಿಯಲ್ಲಿ ಎದುರಾದರೆ ಕೈ ಬೀಸ್ತಾರೆ, ಕೆಟ್ಟು ನಿಂತರೆ ಇಳಿದು ಬರ್ತಾರೆ. ನಮ್ಮಲ್ಲಿ ಆ ಕೆಲಸ ಲಾರಿ ಡ್ರೈವರ್‌ಗಳದ್ದು.

ಯಾಕಂದ್ರೆ ಎರಡರದ್ದೂ ರೋಗ ಒಂದೇ. ಹಳೇ ಲಾರಿ, ಬಸ್ಸುಗಳ ಡೀಸೆಲ್ ಪಂಪಿನ ಮೇಲೆ ‘ಮೈಕೋ’ ಅಂತ ನೋಡಿರಬಹುದು. 1951ರಲ್ಲಿ ಬೆಂಗಳೂರಲ್ಲಿ ಶುರುವಾದ ಕಂಪನಿ ಅದು. ಟ್ಯಾಂಕ್ ಖಾಲಿಯಾದ್ರೆ, ಪೈಪ್ ಸಡಿಲಾದ್ರೆ ಲೈನಿನೊಳಗೆ ಗಾಳಿ ಸೇರುತ್ತೆ. ಪಂಪ್ ಒತ್ತಿದಾಗ ಗಾಳಿ ಕುಗ್ಗುತ್ತೆ, ಡೀಸೆಲ್ ಮುಂದೆ ಹೋಗಲ್ಲ. ಇದೇ ಏರ್ ಲಾಕ್.

ಬಿಡಿಸೋದು ಹೀಗೆ: ಒಬ್ಬರು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಬೇಕು, ಇನ್ನೊಬ್ಬರು ಕೈಪಂಪು ಒತ್ತುತ್ತಾ ಇರಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಕೂಡಲೇ ಸ್ಕ್ರೂ ಬಿಗಿ. ಒಬ್ಬರೇ ಇದ್ದರೂ ಆಗುತ್ತೆ, ಆದರೆ ಇಬ್ಬರಿದ್ದರೆ ಬೇಗ. ಅಷ್ಟೊತ್ತೂ ಬೀಡಿ, ಸಿಗರೇಟು ದೂರ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಕತ್ತಲಾಗಿದ್ರೆ ನಾಲ್ಕೂ ಇಂಡಿಕೇಟರ್ ಹಾಕ್ರಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಡ್ರಿ. ಗಾಲಿಗೆ ಕಲ್ಲು, ರಸ್ತೆಗೆ ಟೊಂಗೆ ಇಟ್ಟಿದ್ರೆ, ಹೊರಡೋ ಮುಂಚೆ ತೆಗೆದುಬಿಡ್ರಿ. ಗಾಡಿ ಸ್ಟಾರ್ಟ್ ಆದ ಖುಷಿಯಲ್ಲಿ ಮರೆತ ಆ ಕಲ್ಲಿಗೇ ಹಿಂದೆ ಬರೋ ಬೈಕಿನವರು ಬೀಳೋದು. ಸಹಾಯ ಅಂದ್ರೆ ಕಾಣದವರಿಗೂ ಮಾಡೋದು.