ಹಿರಿಯ ದಂಪತಿಗಳು ನಡೆಸುವ ಊರು: ಹವಾಯಿಯ ನಿವೃತ್ತ ಜೀವನ

ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕದ ಪಶ್ಚಿಮ ತೀರದಿಂದ ಸುಮಾರು 3,800 ಕಿಲೋಮೀಟರ್ ದೂರದಲ್ಲಿರುವ ಹವಾಯಿ ದ್ವೀಪಸಮೂಹವು 1959ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತನೆಯ ರಾಜ್ಯವಾಯಿತು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 14.5 ಲಕ್ಷ, ಅದರಲ್ಲಿ 10 ಲಕ್ಷದಷ್ಟು ಜನ ರಾಜಧಾನಿ ಹೊನೊಲುಲು ಇರುವ ಓವಾಹು ದ್ವೀಪವೊಂದರಲ್ಲೇ ನೆಲೆಸಿದ್ದಾರೆ. ಸರಾಸರಿ ಆಯುಷ್ಯದಲ್ಲಿ ಅಮೆರಿಕದ ರಾಜ್ಯಗಳ ಪೈಕಿ ಮುಂಚೂಣಿಯಲ್ಲಿರುವ ಈ ರಾಜ್ಯದಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿ 65 ವರ್ಷ ದಾಟಿದವರು. ಪ್ರವಾಸಿಗರ ಕಣ್ಣಿಗೆ ಬೀಳುವ ಹವಾಯಿ ಕಡಲತೀರದ ಹೋಟೆಲುಗಳದ್ದಾದರೆ, ಅದೇ ಹೋಟೆಲುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಪರ್ಲ್ ಹಾರ್ಬರಿನ ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಸ್ಥಳೀಯ ದಂಪತಿಗಳ ಹವಾಯಿ ಬೇರೆಯೇ ಆಗಿದೆ. ಅಲ್ಲಿ ನಿವೃತ್ತಿಯೆಂದರೆ ಸಮುದಾಯದ ಕೆಲಸಗಳಿಂದ ಬಿಡುಗಡೆಯಲ್ಲ. ಸಂಬಳದ ಕೆಲಸ ಮುಗಿದ ಮೇಲೆ ಊರಿನ ಕೆಲಸಕ್ಕೆ ಪೂರ್ಣಾವಧಿಯಾಗಿ ಸೇರಿಕೊಳ್ಳುವ ಹಂತ ಅದು.

ತೋಟದ ವಠಾರಗಳಿಂದ ಬಂದ ಕಟ್ಟುಪಾಡು

ಈ ಜೀವನಕ್ರಮದ ಬೇರುಗಳು ಹತ್ತೊಂಬತ್ತನೆಯ ಶತಮಾನದ ಕಬ್ಬಿನ ತೋಟಗಳಲ್ಲಿವೆ. 1835ರಲ್ಲಿ ಕವಾಯಿ ದ್ವೀಪದ ಕೊಲೋವಾದಲ್ಲಿ ಆರಂಭವಾದ ವಾಣಿಜ್ಯ ಕಬ್ಬು ಬೇಸಾಯವು ಮುಂದೆ ಉಳಿದ ದ್ವೀಪಗಳಿಗೂ ಹಬ್ಬಿತು. ಹೊರಗಿನವರು ತಂದ ರೋಗಗಳಿಂದ ಮೂಲನಿವಾಸಿಗಳ ಸಂಖ್ಯೆ ತೀವ್ರವಾಗಿ ಕುಸಿದಿದ್ದ ಕಾರಣ, ತೋಟದ ಮಾಲೀಕರು 1852ರಿಂದ ಚೀನಾ, 1878ರಿಂದ ಪೋರ್ಚುಗಲ್‌ನ ದ್ವೀಪಗಳು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನ್, 1900ರಿಂದ ಒಕಿನಾವಾ ಮತ್ತು ಪೋರ್ಟೊ ರಿಕೊ, 1903ರಿಂದ ಕೊರಿಯಾ, 1906ರಿಂದ ಫಿಲಿಪೀನ್ಸ್ ಹೀಗೆ ಹಲವು ಕಡೆಗಳಿಂದ ಕೂಲಿಗಳನ್ನು ಕರೆತಂದರು. ಇವರನ್ನು ಬಹುಮಟ್ಟಿಗೆ ಜನಾಂಗವಾರು ಬೇರ್ಪಡಿಸಿದ, 'ಕ್ಯಾಂಪ್' ಎಂದೇ ಕರೆಯಲಾಗುತ್ತಿದ್ದ ವಠಾರಗಳಲ್ಲಿ ಇರಿಸಲಾಗುತ್ತಿತ್ತು.

ಬಂಧುಬಳಗವನ್ನು ಸಾವಿರಾರು ಮೈಲಿ ಹಿಂದೆ ಬಿಟ್ಟು ಬಂದ ಈ ಕೂಲಿಗಳಿಗೆ ಕಾಯಿಲೆ, ಹೆರಿಗೆ, ಸಾವುಗಳಲ್ಲಿ ಆಸರೆಯಾಗಿದ್ದುದು ನೆರೆಹೊರೆಯವರು ಮಾತ್ರ. ಈ ಅಗತ್ಯದಿಂದ ಜಪಾನಿ ವಠಾರಗಳಲ್ಲಿ ಎರಡು ಸಂಸ್ಥೆಗಳು ಗಟ್ಟಿಯಾದವು. ಒಂದು 'ತನೊಮೊಶಿ', ಅಂದರೆ ಸದಸ್ಯರು ತಿಂಗಳಿಗಿಷ್ಟೆಂದು ಹಣ ಹಾಕಿ ಒಟ್ಟು ಮೊತ್ತವನ್ನು ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿ ವ್ಯವಹಾರ. ಬ್ಯಾಂಕುಗಳು ಸಾಲ ಕೊಡದ ಕಾಲದಲ್ಲಿ ಅಂಗಡಿ ತೆರೆಯಲು, ಮಕ್ಕಳನ್ನು ಓದಿಸಲು ಇದೇ ಬಂಡವಾಳವಾಯಿತು. ಇನ್ನೊಂದು 'ಕುಮಿಯಾಯ್', ಅಂದರೆ ಅಕ್ಕಪಕ್ಕದ ಮನೆಗಳು ಸೇರಿ ಕಟ್ಟಿಕೊಂಡ ನೆರವಿನ ಕೂಟ. ಸದಸ್ಯರ ಮನೆಯಲ್ಲಿ ಸಾವು ಸಂಭವಿಸಿದರೆ ಅಡುಗೆ, ಬಂದವರ ಉಪಚಾರ, ಅಂತ್ಯಕ್ರಿಯೆಯ ಏರ್ಪಾಟುಗಳೆಲ್ಲ ಈ ಕೂಟದ ಹೊಣೆ; ದುಃಖದಲ್ಲಿರುವ ಮನೆಯವರು ಒಲೆ ಹಚ್ಚಬೇಕಾಗಿಲ್ಲ.

ಕುಮಿಯಾಯ್‌ಗೆ ಹೊಂದಿಕೊಂಡ ಇನ್ನೊಂದು ಪದ್ಧತಿ 'ಕೋಡೆನ್', ಅಂದರೆ ಅಂತ್ಯಕ್ರಿಯೆಗೆ ಬಂದವರು ಲಕೋಟೆಯಲ್ಲಿಟ್ಟು ಸಲ್ಲಿಸುವ ಹಣದ ನೆರವು. ಯಾರು ಎಷ್ಟು ಕೊಟ್ಟರೆಂಬುದನ್ನು ಬರೆದಿಟ್ಟುಕೊಂಡು, ಮುಂದೆ ಆ ಮನೆಯಲ್ಲಿ ಅಂಥದೇ ಸಂದರ್ಭ ಬಂದಾಗ ಸಮಾನವಾಗಿ ಹಿಂದಿರುಗಿಸುವ ಈ ಕ್ರಮವು ಕರ್ನಾಟಕದ ಮದುವೆಮನೆಗಳ ಮುಯ್ಯಿ ಪುಸ್ತಕವನ್ನು ಬಹಳ ಮಟ್ಟಿಗೆ ಹೋಲುತ್ತದೆ. ಹವಾಯಿಯ ಕಟ್ಟಕಡೆಯ ಸಕ್ಕರೆ ಕಾರ್ಖಾನೆ 2016ರಲ್ಲಿ ಮಾವಿ ದ್ವೀಪದಲ್ಲಿ ಬಾಗಿಲು ಮುಚ್ಚಿತಾದರೂ, ವಠಾರಗಳಲ್ಲಿ ಹುಟ್ಟಿದ ಈ ಪದ್ಧತಿಗಳು ನಗರದ ಬಡಾವಣೆಗಳಿಗೆ ಸಾಗಿ ಬಂದು ಉಳಿದುಕೊಂಡಿವೆ. ಲಕೋಟೆಗಳ ಲೆಕ್ಕ ಬರೆಯಲು ಕೂರುವವರು, ಅಡುಗೆಮನೆಯ ಉಸ್ತುವಾರಿ ವಹಿಸುವವರು ಸಾಮಾನ್ಯವಾಗಿ ನಿವೃತ್ತರೇ. ಒಂದು ಮನೆಗೂ ಮತ್ತೊಂದು ಮನೆಗೂ ಎಷ್ಟು ತಲೆಮಾರಿನ ಕೊಡುಕೊಳ್ಳುವಿಕೆ ಇದೆಯೆಂಬುದು ಅವರಿಗೆ ಮಾತ್ರ ನೆನಪಿರುತ್ತದೆ.

ದಿನಚರಿಯ ನೆಲೆಗಳು

ಹವಾಯಿಯ ಹಿರಿಯ ದಂಪತಿಗಳ ದಿನ ಬೆಳಗಾಗುವ ಮುನ್ನವೇ ಆರಂಭವಾಗುತ್ತದೆ. ಅಲ್ಲಿನ ಕಡಲತೀರಗಳು ಕಾನೂನಿನ ಪ್ರಕಾರ ಸಾರ್ವಜನಿಕ ಸ್ವತ್ತಾಗಿರುವುದರಿಂದ, ಎಂಥ ದುಬಾರಿ ಹೋಟೆಲಿನ ಮುಂದಿನ ಮರಳಿನ ಮೇಲೂ ಊರವರು ನಡೆದಾಡಬಹುದು. ಹೊನೊಲುಲುವಿನಲ್ಲಿ 1934ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಉಪಸ್ಥಿತಿಯಲ್ಲಿ ಲೋಕಾರ್ಪಣೆಗೊಂಡ ಅಲಾ ಮೊವಾನಾ ಉದ್ಯಾನದ ಕಡಲತೀರವು ಹವಳದ ದಿಬ್ಬದ ಒಳಗಿರುವುದರಿಂದ ಅಲೆಗಳ ಅಬ್ಬರವಿಲ್ಲದೆ ಶಾಂತವಾಗಿದ್ದು, ವಯಸ್ಸಾದವರು ಈಜಲು, ನಡೆಯಲು ಬಂದು ಸೇರುವ ಜಾಗವಾಗಿದೆ. ಅಲ್ಲಿ ನಡಿಗೆಯಷ್ಟೇ ಮುಖ್ಯವಾದದ್ದು ಹರಟೆ. 'ಟಾಕ್ ಸ್ಟೋರಿ' ಎಂದು ಸ್ಥಳೀಯರು ಕರೆಯುವ ಈ ಬಿಡುಬೀಸಾದ ಮಾತುಕತೆಯಲ್ಲಿ ಯಾರ ಆರೋಗ್ಯ ಹೇಗಿದೆ, ಯಾರ ಮನೆಯಲ್ಲಿ ಮೊಮ್ಮಗು ಹುಟ್ಟಿದೆ, ಯಾರಿಗೆ ಆಸ್ಪತ್ರೆಗೆ ಹೋಗಲು ಜೊತೆ ಬೇಕಾಗಿದೆ ಎಂಬ ಸುದ್ದಿಗಳೆಲ್ಲ ಹಂಚಿಕೆಯಾಗುತ್ತವೆ. ಅಪರಿಚಿತರಾದರೂ ಹಿರಿಯರನ್ನು ಕಿರಿಯರು 'ಆಂಟಿ', 'ಅಂಕಲ್' ಎಂದೇ ಕರೆಯುವುದು ಅಲ್ಲಿನ ವಾಡಿಕೆ.

ಹಗಲಿನ ಚಟುವಟಿಕೆಗಳಿಗೆ ಹಿರಿಯರ ಕೇಂದ್ರಗಳಿವೆ. ಹೊನೊಲುಲುವಿನಲ್ಲಿ 1969ರಲ್ಲಿ ಆರಂಭವಾದ ಲನಕಿಲಾ ಹಿರಿಯರ ಕೇಂದ್ರವು ಇವುಗಳಲ್ಲಿ ಹಳೆಯದು. ಉಕುಲೆಲೆ ವಾದನ, ನೃತ್ಯ, ಕರಕುಶಲ ಕಲೆ, ವ್ಯಾಯಾಮ ಇವೆಲ್ಲ ಇಂಥ ಕೇಂದ್ರಗಳ ತರಗತಿಗಳಲ್ಲಿ ಸೇರಿರುತ್ತವೆ. ಓದಿನಲ್ಲಿ ಆಸಕ್ತಿಯುಳ್ಳವರಿಗೆ ಹವಾಯಿ ವಿಶ್ವವಿದ್ಯಾಲಯದ ಮಾನೋವಾ ಆವರಣದಲ್ಲಿ ಒಂದು ವಿಶೇಷ ಅವಕಾಶವಿದೆ: 60 ದಾಟಿದ ರಾಜ್ಯದ ನಿವಾಸಿಗಳು, ಸ್ಥಳವಿದ್ದರೆ ಮತ್ತು ಅಧ್ಯಾಪಕರು ಒಪ್ಪಿದರೆ, ಶುಲ್ಕವಿಲ್ಲದೆ ಪದವಿ ತರಗತಿಗಳಲ್ಲಿ ಕುಳಿತು ಪಾಠ ಕೇಳಬಹುದು. ಜನವರಿಯಿಂದ ಮಾರ್ಚ್‌ವರೆಗೆ ಹಿರಿಯರಿಗೆ ಇನ್ನೊಂದು ಕೆಲಸ ಸಿಗುತ್ತದೆ. ಚಳಿಗಾಲದಲ್ಲಿ ಅಲಾಸ್ಕಾ ಕಡೆಯಿಂದ ಮರಿಹಾಕಲು ಹವಾಯಿಯ ಬೆಚ್ಚಗಿನ ನೀರಿಗೆ ಬರುವ ಗೂನುಬೆನ್ನಿನ ತಿಮಿಂಗಿಲಗಳನ್ನು ದಡದಲ್ಲಿ ಕುಳಿತು ಎಣಿಸುವ ಸ್ವಯಂಸೇವಾ ಗಣತಿಯು 1996ರಿಂದ ನಡೆದುಬಂದಿದ್ದು, ಬೈನಾಕ್ಯುಲರ್ ಮತ್ತು ನಮೂನೆ ಹಾಳೆ ಹಿಡಿದು ಗಂಟೆಗಟ್ಟಲೆ ತಾಳ್ಮೆಯಿಂದ ಕೂರುವ ಈ ಕೆಲಸಕ್ಕೆ ನಿವೃತ್ತರು ಹೇಳಿ ಮಾಡಿಸಿದಂತಿದ್ದಾರೆ.

ಮನೆಯಂಗಳದ ಮಾವು, ಬೆಣ್ಣೆಹಣ್ಣು, ಪಪ್ಪಾಯಿಗಳು ಒಮ್ಮೆಲೇ ಹಣ್ಣಾಗುವ ಕಾಲದಲ್ಲಿ ಚೀಲ ತುಂಬಿ ಅಕ್ಕಪಕ್ಕದವರ ಬಾಗಿಲಲ್ಲಿ ಇಟ್ಟುಬರುವುದೂ ಹಿರಿಯರ ದಿನಚರಿಯ ಭಾಗವೇ. ಪ್ರತಿಯಾಗಿ ಒಂದು ತಟ್ಟೆ ಅಡುಗೆ, ಸಮುದ್ರದಿಂದ ಹಿಡಿದು ತಂದ ಮೀನು, ಮುರಿದ ಗೇಟಿನ ರಿಪೇರಿ ಹೀಗೆ ಏನಾದರೂ ಮರಳಿ ಬರುತ್ತದೆ.

ಹುಲಾ, ಹಾರ, ಕೌದಿ

ಹವಾಯಿಯ ಮೂಲನಿವಾಸಿಗಳ ಭಾಷೆಯಲ್ಲಿ 'ಕುಪುನ' ಎಂದರೆ ಅಜ್ಜ-ಅಜ್ಜಿಯ ತಲೆಮಾರಿನ ಹಿರಿಯರು. ಗತಿಸಿದ ಪೂರ್ವಿಕರಿಗೂ ಅದೇ ಹೆಸರು. ಈ ಹಿರಿಯರು ಅತ್ಯಂತ ಎದ್ದುಕಾಣುವ ಕ್ಷೇತ್ರ ಹುಲಾ ನೃತ್ಯ. ಮಂತ್ರ ಅಥವಾ ಹಾಡಿನ ಸಾಹಿತ್ಯವನ್ನು ಅಂಗಾಭಿನಯದ ಮೂಲಕ ಹೇಳುವ ಈ ಕಲೆಯನ್ನು, ಕ್ರೈಸ್ತ ಮತ ಸ್ವೀಕರಿಸಿದ್ದ ರಾಣಿ ಕಾಹುಮಾನು 1830ರಲ್ಲಿ ಸಾರ್ವಜನಿಕವಾಗಿ ನಿಷೇಧಿಸಿದಳು. ದೊರೆ ಕಲಾಕೌವಾ 1883ರ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಅದನ್ನು ಮತ್ತೆ ಬಹಿರಂಗಕ್ಕೆ ತಂದನು. ಅವನ ಸ್ಮರಣೆಗಾಗಿ ಹಿಲೊ ನಗರದಲ್ಲಿ 1964ರಿಂದ ನಡೆಯುತ್ತಿರುವ ಮೆರ್ರಿ ಮೊನಾರ್ಕ್ ಉತ್ಸವದಲ್ಲಿ 1971ರಿಂದ ಹುಲಾ ಸ್ಪರ್ಧೆಯೂ ಸೇರಿಕೊಂಡಿತು. ನೃತ್ಯಶಾಲೆಗೆ 'ಹಾಲಾವ್' ಎಂದೂ ಗುರುವಿಗೆ 'ಕುಮು' ಎಂದೂ ಹೆಸರು. ಅನೇಕ ಹಾಲಾವ್‌ಗಳು ಹಿರಿಯರಿಗೆಂದೇ ಪ್ರತ್ಯೇಕ ತರಗತಿ ನಡೆಸುತ್ತವೆ. ವೇಗದ ಕುಣಿತಕ್ಕಿಂತ ಭಾವಕ್ಕೂ ಕೈಯ ಚಲನೆಗೂ ಬೆಲೆಯಿರುವ ಈ ನೃತ್ಯದಲ್ಲಿ ವಯಸ್ಸನ್ನು ಕೊರತೆಯೆಂದು ಯಾರೂ ಎಣಿಸುವುದಿಲ್ಲ.

ಈ ನೃತ್ಯಕ್ಕೆ ಜೊತೆಗೂಡುವ ಉಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವು, 1879ರಲ್ಲಿ 'ರೇವನ್ಸ್‌ಕ್ರ್ಯಾಗ್' ಹಡಗಿನಲ್ಲಿ ಮದೀರಾ ದ್ವೀಪದಿಂದ ಬಂದ ಪೋರ್ಚುಗೀಸ್ ಮರಗೆಲಸದವರು ತಂದ ವಾದ್ಯದಿಂದ ರೂಪುಗೊಂಡಿತು. ನೃತ್ಯಕ್ಕೆ ಬೇಕಾದ 'ಲೇ', ಅಂದರೆ ಹೂವು, ಎಲೆ, ಬೀಜಗಳ ಹಾರವನ್ನು ಕಟ್ಟುವ ಕೆಲಸದಲ್ಲೂ ಹಿರಿಯರ ಕೈಯಿದೆ. 1928ರಿಂದ ಪ್ರತಿವರ್ಷ ಮೇ 1ರಂದು ಹಾರದ ದಿನವನ್ನು ಇಡೀ ರಾಜ್ಯವೇ ಆಚರಿಸುತ್ತದೆ.

ಹಿರಿಯರ ಕೈಯಲ್ಲಿ ಉಳಿದುಬಂದ ಕುಶಲಕಲೆಗಳಲ್ಲಿ ಹವಾಯಿಯ ಕೌದಿಗೆ ವಿಶೇಷ ಸ್ಥಾನವಿದೆ. 1820ರಲ್ಲಿ ಬಂದಿಳಿದ ಅಮೆರಿಕನ್ ಮಿಷನರಿಗಳ ಪತ್ನಿಯರು ಅರಮನೆಯ ಹೆಂಗಸರಿಗೆ ಸೂಜಿದಾರದ ಕೆಲಸ ಕಲಿಸಿದರು. ಆದರೆ ತುಂಡುಬಟ್ಟೆಗಳನ್ನು ಜೋಡಿಸುವ ಅವರ ಕ್ರಮವನ್ನು ಹವಾಯಿಯ ಹೆಂಗಸರು ಕಾಲಕ್ರಮದಲ್ಲಿ ಬದಿಗಿಟ್ಟು, ಇಡೀ ಬಟ್ಟೆಯನ್ನು ಎಂಟು ಪದರವಾಗಿ ಮಡಿಸಿ, ಒಮ್ಮೆಗೇ ಕತ್ತರಿಸಿ, ಬಿಡಿಸಿದಾಗ ಸುತ್ತಲೂ ಸಮನಾಗಿ ಹರಡಿಕೊಳ್ಳುವ ಎಲೆ-ಹೂಗಳ ವಿನ್ಯಾಸವನ್ನು ಇನ್ನೊಂದು ಬಣ್ಣದ ಬಟ್ಟೆಯ ಮೇಲೆ ಹೊಲಿಯುವ ತಮ್ಮದೇ ವಿಧಾನವನ್ನು ರೂಢಿಸಿಕೊಂಡರು. ಆ ವಿನ್ಯಾಸದ ಅಂಚನ್ನೇ ಅನುಸರಿಸಿ ನೀರಿನ ಉಂಗುರಗಳಂತೆ ಸಾಲುಸಾಲಾಗಿ ಹಾಕುವ ಸಣ್ಣ ಹೊಲಿಗೆಗೆ ತಿಂಗಳುಗಳೇ ಬೇಕಾಗುತ್ತವೆ. ಜೀಗುಜ್ಜೆಯ ಎಲೆ ಮತ್ತು ಕಾಯಿಯ ವಿನ್ಯಾಸ ಇವುಗಳಲ್ಲಿ ಬಹುಪ್ರಸಿದ್ಧ. ಕೋನಾ ಪ್ರದೇಶದಲ್ಲಿ ಕೇದಗೆ ಜಾತಿಯ ಮರದ ಗರಿಗಳ ಮುಳ್ಳು ತೆಗೆದು, ಒಣಗಿಸಿ, ಸೀಳಿ ಟೋಪಿ, ಚಾಪೆ, ಬುಟ್ಟಿ ಹೆಣೆಯುವ ಕಲೆಯೂ ಇದೇ ರೀತಿ ಹಿರಿಯರು ಗುಂಪಾಗಿ ಕೂತು ಕಲಿಸಿದ್ದರಿಂದಲೇ ಜೀವಂತವಾಗಿದೆ.

ಬೇಸಿಗೆಯ ಬೋನ್ ಕುಣಿತ

ಹಿರಿಯರ ವಾರ್ಷಿಕ ಪಂಚಾಂಗದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ವಾರಾಂತ್ಯಗಳು 'ಬೋನ್' ಕುಣಿತಕ್ಕೆ ಮೀಸಲು. ಪಿತೃಗಳನ್ನು ಸ್ಮರಿಸುವ ಜಪಾನಿ ಬೌದ್ಧರ ಈ ಹಬ್ಬವನ್ನು ಹವಾಯಿಯ ಮಂದಿರಗಳು ಒಂದೇ ದಿನ ಆಚರಿಸದೆ, ಒಂದರ ಬಳಿಕ ಒಂದರಂತೆ ಬೇರೆ ಬೇರೆ ವಾರಾಂತ್ಯಗಳಿಗೆ ಹಂಚಿಕೊಂಡಿರುವುದರಿಂದ, ಒಂದು ಮಂದಿರದವರು ಮತ್ತೊಂದರ ಹಬ್ಬಕ್ಕೆ ಹೋಗಿ ಕುಣಿಯಬಹುದು. ಅಂಗಳದ ನಡುವೆ 'ಯಗುರಾ' ಎಂಬ ಮರದ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಡೋಲು ಬಾರಿಸುವವರೂ ಹಾಡುವವರೂ ನಿಂತರೆ, ಸುತ್ತ ವೃತ್ತಾಕಾರವಾಗಿ ಯಾರು ಬೇಕಾದರೂ ಸೇರಿ ಕುಣಿಯುತ್ತಾರೆ. ಜಪಾನಿ ಮೂಲದವರಷ್ಟೇ ಅಲ್ಲ, ಎಲ್ಲ ಜನಾಂಗದವರೂ ಆ ವೃತ್ತದಲ್ಲಿರುತ್ತಾರೆ. ಆ ವರ್ಷ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿಗೆ ಇದು ಮೊದಲ ಬೋನ್ ಎಂಬ ಕಾರಣಕ್ಕೆ ಹೆಚ್ಚು ಮಹತ್ವದ್ದು. ವಾರಗಳ ಮುಂಚೆಯೇ ಹೆಜ್ಜೆಗಳ ಅಭ್ಯಾಸ ಮಾಡಿಸುವುದು, 'ಅಂಡಾಗಿ' ಎಂಬ ಒಕಿನಾವಾದ ಸಿಹಿ ಉಂಡೆಗಳನ್ನು ಬಾಣಲೆ ಬಾಣಲೆಯಾಗಿ ಕರಿಯುವುದು, ಬಂದ ಹಣದಿಂದ ಮಂದಿರದ ವರ್ಷದ ಖರ್ಚು ಸರಿದೂಗಿಸುವುದು ಬಹುಪಾಲು ನಿವೃತ್ತ ದಂಪತಿಗಳ ಶ್ರಮ.

  

ಶಾಲೆಯಲ್ಲಿ ಹಿರಿಯರು

ಹಿರಿಯರ ಪಾತ್ರಕ್ಕೆ ಸರ್ಕಾರದ ಮನ್ನಣೆ ದೊರೆತದ್ದು 1978ರ ಸಂವಿಧಾನ ತಿದ್ದುಪಡಿಯಿಂದ. ಹವಾಯಿ ಭಾಷೆಯನ್ನು ಇಂಗ್ಲಿಷಿನೊಂದಿಗೆ ಅಧಿಕೃತ ಭಾಷೆಯಾಗಿ ಮಾಡಿದ ಆ ತಿದ್ದುಪಡಿಯು, ಸರ್ಕಾರಿ ಶಾಲೆಗಳಲ್ಲಿ ಹವಾಯಿಯ ಸಂಸ್ಕೃತಿ, ಇತಿಹಾಸ ಮತ್ತು ಭಾಷೆಯನ್ನು ಕಲಿಸಬೇಕೆಂದೂ ವಿಧಿಸಿತು. ಆದರೆ 1896ರ ಕಾನೂನಿನಿಂದ ಇಂಗ್ಲಿಷ್ ಶಿಕ್ಷಣ ಮಾಧ್ಯಮವಾದಂದಿನಿಂದ ಆ ಭಾಷೆ ಶಾಲೆಯಿಂದ ಹೊರಬಿದ್ದಿತ್ತಾಗಿ, ತರಬೇತಿ ಪಡೆದ ಶಿಕ್ಷಕರು ಸಾಕಷ್ಟಿರಲಿಲ್ಲ. ಮನೆಮಾತಾಗಿ ಅದನ್ನು ಬಲ್ಲವರು ಬಹುಪಾಲು ಅಜ್ಜ-ಅಜ್ಜಿಯರೇ. ಹೀಗಾಗಿ 1980ರಲ್ಲಿ ಆರಂಭವಾದ ಕುಪುನ ಕಾರ್ಯಕ್ರಮದಡಿ, ಶಿಕ್ಷಕರ ಪದವಿಯಿಲ್ಲದಿದ್ದರೂ ಅನುಭವವುಳ್ಳ ಹಿರಿಯರನ್ನು ಪ್ರಾಥಮಿಕ ಶಾಲೆಗಳಿಗೆ ಕರೆತಂದು ಮಾತು, ಹಾಡು, ಕಥೆ, ಕೈಕೆಲಸಗಳನ್ನು ಕಲಿಸುವ ಏರ್ಪಾಡಾಯಿತು. 1984ರಲ್ಲಿ ಕವಾಯಿಯಲ್ಲಿ ಆರಂಭವಾದ ಹವಾಯಿ ಮಾಧ್ಯಮದ ಶಿಶುವಿಹಾರವೂ ಹಿರಿಯರ ಮಾತನ್ನು ಮಕ್ಕಳ ಕಿವಿಗೆ ಮುಟ್ಟಿಸುವ ಉದ್ದೇಶದಿಂದಲೇ ಹುಟ್ಟಿತು.

ಬೆಲೆ ಮತ್ತು ಬಿಕ್ಕಟ್ಟು

ಈ ಕೂಡುಬಾಳು ಸುಲಭವಾಗಿ ಉಳಿದಿಲ್ಲ. ದಿನಸಿಯ ಬಹುಭಾಗ ಹಡಗಿನಲ್ಲಿ ಬರಬೇಕಾದ, ಮನೆಯ ಬೆಲೆ ಅಮೆರಿಕದಲ್ಲೇ ಅತಿ ಹೆಚ್ಚಿರುವ ರಾಜ್ಯಗಳಲ್ಲೊಂದಾದ ಹವಾಯಿಯಲ್ಲಿ, ಸಾಮಾಜಿಕ ಭದ್ರತೆಯ ಪಿಂಚಣಿಗೆ ರಾಜ್ಯದ ಆದಾಯ ತೆರಿಗೆ ಇಲ್ಲವೆಂಬ ರಿಯಾಯಿತಿಯಿದ್ದರೂ, ನಿವೃತ್ತರ ಹಣ ಸಾಲುವುದು ಕಷ್ಟ. ಮೂರು ತಲೆಮಾರುಗಳು ಒಂದೇ ಸೂರಿನಡಿ ಬಾಳುವ ಮನೆಗಳು ಅಲ್ಲಿ ಹೆಚ್ಚಿರುವುದಕ್ಕೆ ಸಂಪ್ರದಾಯದಷ್ಟೇ ಬಾಡಿಗೆಯೂ ಕಾರಣ. ದುಡಿಯುವ ಮಕ್ಕಳು ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳಲು ನೆರವಾಗುವಂತೆ ರಾಜ್ಯವು 2017ರಲ್ಲಿ ವಿಶೇಷ ಯೋಜನೆಯೊಂದನ್ನು ರೂಪಿಸಿತು. ಆದರೂ ಮಕ್ಕಳು ಕೆಲಸ ಮತ್ತು ಮನೆಗಾಗಿ ಅಮೆರಿಕದ ಮುಖ್ಯಭೂಮಿಗೆ ವಲಸೆ ಹೋಗುವುದು ನಿಂತಿಲ್ಲ. ಎಂಟು ಮುಖ್ಯ ದ್ವೀಪಗಳ ಲೆಕ್ಕಕ್ಕೆ ಸೇರಿಸಿ ಲಾಸ್ ವೇಗಸ್ ನಗರವನ್ನು 'ಒಂಬತ್ತನೆಯ ದ್ವೀಪ' ಎಂದು ಕರೆಯುವಷ್ಟು ಹವಾಯಿಯವರು ಅಲ್ಲಿ ನೆಲೆಸಿದ್ದಾರೆ. 2020ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿರುವ ಮೂಲನಿವಾಸಿ ಹವಾಯಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವಾಯಿಯ ಹೊರಗಿದ್ದರು. 2023ರ ಆಗಸ್ಟ್‌ನಲ್ಲಿ ಮಾವಿ ದ್ವೀಪದ ಲಹೈನಾ ಪಟ್ಟಣವನ್ನು ಸುಟ್ಟ ಬೆಂಕಿಯಲ್ಲಿ ಸತ್ತ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು 60 ದಾಟಿದವರೇ ಆಗಿದ್ದುದು, ನೆರೆಹೊರೆಯ ಬಲವೊಂದೇ ವಿಪತ್ತಿನಲ್ಲಿ ಸಾಲದೆಂಬುದನ್ನು ತೋರಿಸಿತು.

ತೋಟದ ಕಾಲದಲ್ಲಿ ಕುಮಿಯಾಯ್ ಕಟ್ಟಿದವರು ದುಡಿಯುವ ವಯಸ್ಸಿನವರಾಗಿದ್ದರು; ಇಂದು ಅದೇ ಬಗೆಯ ಕೆಲಸಗಳು ಬಿಡುವುಳ್ಳ ಹಿರಿಯರಿಗೆ ಮಾತ್ರ ಸಾಧ್ಯವಾಗುತ್ತಿವೆ. ಹಿರಿಯರಿಗೆ ಅವು ಒಂಟಿತನವನ್ನು ದೂರವಿಡುವ ಮದ್ದು ಎಂಬುದು ನಿಜ. ಅದರಷ್ಟೇ ನಿಜವೆಂದರೆ, ಅವರಿಲ್ಲದಿದ್ದರೆ ಮಂದಿರದ ಅಡುಗೆಮನೆ, ನೃತ್ಯಶಾಲೆ, ಕೌದಿಯ ಕೂಟಗಳನ್ನು ನಡೆಸಲು ಕೈಗಳೇ ಇರುವುದಿಲ್ಲ. ಆದ್ದರಿಂದ ಹವಾಯಿಯ ನಿವೃತ್ತ ದಂಪತಿಗಳ ಸಾಮಾಜಿಕ ಬದುಕನ್ನು ವಿಶ್ರಾಂತ ಜೀವನದ ಮಾದರಿಯೆಂದು ಮೆಚ್ಚುವುದಷ್ಟೇ ಸಾಲದು. ದುಡಿಯುವ ತಲೆಮಾರಿಗೆ ದ್ವೀಪದಲ್ಲಿ ನಿಲ್ಲಲು ಮನೆಯೂ ಕೂಟಗಳಿಗೆ ಬರಲು ಬಿಡುವೂ ದೊರೆತಾಗ ಮಾತ್ರ ಈ ಸಂಸ್ಥೆಗಳು ಹಿರಿಯರ ಆಯುಷ್ಯವನ್ನು ಮೀರಿ ಬಾಳಬಲ್ಲವು.