ಅಂತರಜಾಲಕ್ಕೆ ಯಾವ ಠಾಣೆ?

ಭದ್ರಾವತಿಯ ಜನ್ನಾಪುರದಲ್ಲಿ ಸೈಕಲ್ ಕಳುವಾದರೆ ದೂರು ಎಲ್ಲಿ ಕೊಡಬೇಕೆಂಬುದು ಯಾರಿಗಾದರೂ ಗೊತ್ತು. ಕಳವು ನಡೆದ ಜಾಗವೊಂದು, ಆ ಜಾಗಕ್ಕೊಂದು ಠಾಣೆ. ಅದೇ ಜನ್ನಾಪುರದ ಮನೆಯೊಂದರಲ್ಲಿ ಫೋನಿನ ಮೂಲಕ ಖಾತೆಯ ಹಣ ಮಾಯವಾದರೆ ಅಪರಾಧ ನಡೆದದ್ದೆಲ್ಲಿ? ಬ್ಯಾಂಕಿನಲ್ಲೇ, ವಂಚಕ ಕುಳಿತ ಊರಿನಲ್ಲೇ, ಸಂದೇಶ ಹಾದುಹೋದ ಪರದೇಶದ ಯಂತ್ರದಲ್ಲೇ?

ಇದಕ್ಕೆ ಉತ್ತರ ಹುಡುಕಿದ್ದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆ. ಕೃತ್ಯ ಹೊರದೇಶದಲ್ಲಿ ನಡೆದರೂ ಭಾರತದ ಕಂಪ್ಯೂಟರೊಂದು ಅದರಲ್ಲಿ ಸಿಲುಕಿದ್ದರೆ ಕಾಯಿದೆ ಅನ್ವಯಿಸುತ್ತದೆ ಎಂದು ಅದರ 75ನೆಯ ಕಲಮು ಹೇಳುತ್ತದೆ. ಕಾಗದದ ಮೇಲೆ ಇಷ್ಟುದ್ದದ ಕೈ! ಆದರೆ ತನಿಖೆ ಮಾಡಲು ಡಿ.ವೈ.ಎಸ್.ಪಿ. ದರ್ಜೆಯವರೇ ಬೇಕಿತ್ತು. 2001ರಲ್ಲಿ ಕರ್ನಾಟಕವು ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ತೆರೆದಾಗ ಇಡೀ ರಾಜ್ಯವೇ ಅದರ ಸರಹದ್ದಾಯಿತು. ಮಲೆನಾಡಿನವನೂ ಬೀದರಿನವನೂ ಒಂದೇ ಬಾಗಿಲು ತಟ್ಟಬೇಕಿತ್ತು. 2008ರ ತಿದ್ದುಪಡಿ 2009ರ ಅಕ್ಟೋಬರಿನಲ್ಲಿ ಜಾರಿಯಾಗಿ ಇನ್ಸ್‌ಪೆಕ್ಟರಿಗೂ ತನಿಖೆಯ ಅಧಿಕಾರ ಬಂತು. ಮುಂದೆ ಜಿಲ್ಲೆಗಳಲ್ಲೂ ಸಿ.ಇ.ಎನ್. ಠಾಣೆಗಳಾದವು. ಈಗ 1930ಕ್ಕೆ ಕರೆ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ಹಾರಿ ಕೈತಪ್ಪುವ ಮುನ್ನ ತಡೆಯುವ ಪ್ರಯತ್ನ ನಡೆಯುತ್ತದೆ. ತಡಮಾಡಿದಷ್ಟೂ ಆ ಹಣ ದೂರ.

ಅದೇ ತಿದ್ದುಪಡಿ ಇನ್ನೆರಡು ಕಲಮುಗಳನ್ನೂ ತಂದಿತ್ತು. ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ ಜೈಲು ತೋರಿಸುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಮಾಡಿತು. ಬರಹಗಳನ್ನು ಮರೆಮಾಡಿಸುವ 69ಎ ಉಳಿಯಿತು. ಅದರಡಿಯ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ಬಂದದ್ದು ನಮ್ಮ ಹೈಕೋರ್ಟಿಗೆ. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಜತೆಗೆ 50 ಲಕ್ಷ ರೂಪಾಯಿ ದಂಡ. ‘ಸಹಯೋಗ್’ ಎಂಬ ಸರ್ಕಾರಿ ವ್ಯವಸ್ಥೆಯ ವಿರುದ್ಧ ಅದೇ ಕಂಪನಿ ಎಕ್ಸ್ ಎಂಬ ಹೊಸ ಹೆಸರಿನಲ್ಲಿ ಹೂಡಿದ್ದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು.

ದೇಶದಲ್ಲಿ ವ್ಯಾಪಾರ ಮಾಡುವವರು ದೇಶದ ಕಾನೂನಿಗೆ ತಲೆಬಾಗಬೇಕೆಂಬುದು ಸರಿಯೇ. ಕಂಪನಿಗಾದರೆ ದೊಡ್ಡ ವಕೀಲರಿದ್ದಾರೆ. ನನ್ನ ಚಿಂತೆ ಬರೆದವನದು. 2015ರ ತೀರ್ಪು 69ಎಯನ್ನು ಉಳಿಸಿದ ಕಾರಣಗಳಲ್ಲೊಂದು, ಆದೇಶಕ್ಕೆ ಲಿಖಿತ ಕಾರಣವಿರುತ್ತದೆ, ಬಾಧಿತನು ಅದನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬುದು. ಆದರೆ 2009ರ ನಿಯಮಾವಳಿಯ 16ನೆಯ ನಿಯಮದಂತೆ ಈ ದೂರುಗಳೂ ಅವುಗಳ ಮೇಲಿನ ಕ್ರಮವೂ ಗೋಪ್ಯ. ತನ್ನ ಮಾತು ಏಕೆ ಮರೆಯಾಯಿತೆಂದು ತಿಳಿಯದವನು ರಿಟ್ ಅರ್ಜಿಯಲ್ಲಿ ಬರೆಯುವುದಾದರೂ ಏನನ್ನು?